ತಳ್ಳಿ ಹಾಕು

ಒಳ್ಳೆಯ ಬೌಲರನ್ನು ಕೊನೆಯ ಓವರಿಗೆಂದು ಉಳಿಸಿಕೊಳ್ಳುವುದರಲ್ಲಿ ನಾಯಕಿ ನಂದಿತಾಳಿಗೆ ನಂಬಿಕೆಯಿರಲಿಲ್ಲ. ಇಪ್ಪತ್ತು ಓವರಿನ ಪಂದ್ಯದಲ್ಲಿ ಕೊನೆಯ ಓವರ್ ಎಷ್ಟು ಕಷ್ಟದ್ದಾಗಬೇಕೆಂದು ಅದರ ಹಿಂದಿನ ಓವರೇ ತೀರ್ಮಾನಿಸುತ್ತದೆ ಎಂಬುದು ಅವಳ ವಾದ. ಹಾಗಾಗಿ ವೇಗದ ಬೌಲರ್ ನೀರಜಾಳ ಕೈಗೆ ಹತ್ತೊಂಬತ್ತನೆಯದನ್ನೇ ಕೊಟ್ಟಳು. ನೀರಜಾ ಎರಡು ವಿಕೆಟ್ ಕಿತ್ತಳು. ಈಗ ಎದುರಾಳಿಗಳ ಹತ್ತಿರ ಉಳಿದಿದ್ದದ್ದು ಒಂದೇ ವಿಕೆಟ್, ಅವರಿಗೆ ಬೇಕಾದದ್ದು ಎಂಟು ರನ್.

ಆದರೆ ಕೊನೆಯ ಓವರ್ ಹಾಕಲು ಉಳಿದವಳು ಸ್ಪಿನ್ನರ್ ಪ್ರಣಮ್ಯಾ ಒಬ್ಬಳೇ. ಬ್ಯಾಟ್ ಹಿಡಿದು ನಿಂತವಳು ಎದುರು ತಂಡದ ನಾಯಕಿ ಕಯಲ್ವಿಳಿ. ಆಗಲೇ ಅರ್ಧಶತಕ ದಾಟಿದ್ದಳು.

ಆಟ ಶುರುವಾಗುವ ಮೊದಲು ಕೋಚ್ ಗುರುಚರಣ ನಂದಿತಾಳನ್ನು ಪಕ್ಕಕ್ಕೆ ಕರೆದಿದ್ದರು. "ಮೂರು ಮ್ಯಾಚು ಕೊನೇ ಓವರಲ್ಲೇ ಕಳ್ಕೊಂಡಿದೀಯ ಕಣಮ್ಮ. ಇವತ್ತೂ ಹೋಯ್ತು ಅಂದ್ರೆ ಮುಂದಿನ ವಾರದಿಂದ ಗಗನಾನೇ ಕ್ಯಾಪ್ಟನ್." ಬೆದರಿಕೆಯ ದನಿಯಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತ್ತು.

ಪೆರುಂಗುಡಿಯ ಆಫೀಸುಗಳ ಹಿಂದಿನ ಆ ಮೈದಾನಕ್ಕೆ ಮಧ್ಯಾಹ್ನ ಇಳಿಯುತ್ತಿದ್ದಂತೆ ಸಮುದ್ರದ ಗಾಳಿ ಬರುತ್ತದೆ. ಕಯಲ್ವಿಳಿಯ ಆಫ್ ಕಡೆಯಿಂದ ಎದ್ದು ಲೆಗ್ ಕಡೆಗೆ ಬೀಸುತ್ತಿತ್ತು. ಲೆಗ್ ಕಡೆ ಎತ್ತಿ ಹೊಡೆದರೆ ಚೆಂಡನ್ನು ಗಾಳಿಯೇ ಹೊತ್ತೊಯ್ಯುತ್ತದೆ. ಎಣ್ಣೂರಿನ ಲ್ಯಾಬಿನಲ್ಲಿ ಕಲ್ಲಿದ್ದಲ ಬೂದಿ ಪರೀಕ್ಷಿಸುವ ನಂದಿತಾ ಇಂಥದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವವಳಲ್ಲ. ತೋಳು ಚಾಚಲು ಸಮಯವೇ ಸಿಗದಂತೆ ಚೆಂಡು ಚಪ್ಪಟೆಯಾಗಿ, ಜೋರಾಗಿ, ನೇರ ಸ್ಟಂಪಿಗೆ ಬರಬೇಕು.

"ತಳ್ಳಿ ಹಾಕು ಪ್ರಣಮ್ಯಾ!" ಎಂದು ಮಿಡ್-ಆಫ್‌ನಿಂದ ಕೂಗಿದಳು. ಮೈದಾನದಲ್ಲಿ ಕನ್ನಡದಲ್ಲೇ ಮಾತಾಡಬೇಕೆಂಬುದು ಅವಳೇ ಮಾಡಿದ ನಿಯಮ. ತಮಿಳು ಮಾತಾಡುವ ಎದುರಾಳಿಗಳಿಗೆ ಅರ್ಥವಾಗಬಾರದಲ್ಲ.

ಪ್ರಣಮ್ಯಾ ಹಾಕಿದ ಚೆಂಡು ಆಫ್ ಸ್ಟಂಪಿನಿಂದ ಎಲ್ಲೋ ಆಚೆ ಹೋಯಿತು. ವೈಡ್.

"ತಳ್ಳಿ ಹಾಕೇ ಅಂದ್ನಲ್ಲ!"

ಮುಂದಿನದು ಇನ್ನೂ ಆಚೆ. ಕೀಪರ್ ಹಾರಿ ಹಿಡಿದಳು. ಮತ್ತೆ ವೈಡ್. ಚೆಂಡು ಒಂದೂ ಲೆಕ್ಕಕ್ಕೆ ಬರಲಿಲ್ಲ, ಬೇಕಾದ ರನ್ ಮಾತ್ರ ಆರಕ್ಕಿಳಿಯಿತು.

ನಂದಿತಾ ಓಡಿ ಬಂದಳು. "ಏನಾಯ್ತೇ ನಿಂಗೆ? ಕಿವಿ ಕೇಳಲ್ವಾ?"

"ಎಷ್ಟು ಅಂತ ತಳ್ಳಿ ಹಾಕುದು ಅಕ್ಕಾ?" ಪ್ರಣಮ್ಯಾಳ ಕಣ್ಣಲ್ಲಿ ನೀರೇ ಬಂದಿತ್ತು. "ಇನ್ನೂ ತಳ್ಳಿ ಹಾಕಿದ್ರೆ ಬಾಲು ಸಮುದ್ರಕ್ಕೇ ಬೀಳ್ತದೆ ಮಾರಾಯ್ರೆ!"

ನಂದಿತಾಳಿಗೆ ಆಗ ಹೊಳೆಯಿತು. ಪ್ರಣಮ್ಯಾಳ ತಂದೆ ಕುಂದಾಪುರದ ಕಡೆಯವರು, ಇದೇ ಊರಿನ ರಾಯಪುರಂನಲ್ಲಿ ಹೋಟೆಲಿಟ್ಟವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ. ತಮಿಳಿನಲ್ಲಿ 'ತಳ್ಳಿ' ಎಂದರೆ ದೂರ, ಆಚೆ. ಅವಳ ಮನೆಯ ಕನ್ನಡಕ್ಕೂ ಅದು ಎಂದೋ ಬಂದು ಸೇರಿತ್ತು.

"ನೂಕಿ, ಜೋರಾಗಿ ಹಾಕು ಅಂದೆ ಕಣೆ ನಾನು."

"ಅಯ್ಯೋ ದೇವ್ರೇ! ಹಾಗೆ ಹೇಳುದಲ್ವಾ!"

ಇಬ್ಬರಿಗೂ ನಗು ಬಂತು. ನಗುತ್ತಲೇ ನಂದಿತಾಳ ಕಣ್ಣು ಕಯಲ್ವಿಳಿಯ ಕಾಲಿನ ಮೇಲೆ ಬಿತ್ತು. ಅವಳು ತಾನು ನಿಂತು ಆಡುವ ಗೆರೆಯನ್ನು ಆಫ್ ಸ್ಟಂಪಿನಾಚೆ ಹೊಸದಾಗಿ ಗೀರಿಕೊಳ್ಳುತ್ತಿದ್ದಳು. ಅವಳಿಗೂ ಅರ್ಥವಾಗಿದ್ದದ್ದು ಅದೊಂದೇ ಪದ, ಅದೂ ತಮಿಳಿನ ಅರ್ಥದಲ್ಲಿ! ಎರಡು ವೈಡುಗಳು ಅದನ್ನು ಖಾತ್ರಿಪಡಿಸಿದ್ದವು. ಈಗ ಅವಳ ಲೆಗ್ ಸ್ಟಂಪ್ ಬಟ್ಟಬಯಲು.

"ನಾನು ಮತ್ತೆ ತಳ್ಳಿ ಅಂತಲೇ ಕೂಗ್ತೀನಿ," ನಂದಿತಾ ಪಿಸುಗುಟ್ಟಿದಳು. "ಅದು ಅವಳಿಗೆ. ನೀನು ಜೋರಾಗಿ ಲೆಗ್ ಸ್ಟಂಪಿಗೆ ಹಾಕು. ಆಗುತ್ತಾ?"

"ಆಗ್ತದೆ. ಆದ್ರೆ ಹಿಂದೆ ಫೈನ್ ಲೆಗ್ಗಲ್ಲಿ ಯಾರೂ ಇಲ್ಲ ಅಕ್ಕಾ."

"ಇರಬಾರ್ದು. ಇಟ್ರೆ ಗೊತ್ತಾಗಿಬಿಡುತ್ತೆ."

ಅವಳು ಕೂಗಿದಳು. ಪ್ರಣಮ್ಯಾ ಹೇಳಿದ ಕಡೆಗೇ ಹಾಕಿದಳು. ಕಯಲ್ವಿಳಿ ಆಚೆ ಸರಿದಿದ್ದವಳು ಬೆಚ್ಚಿ ಬ್ಯಾಟನ್ನು ಈಚೆ ಎಳೆದಳು. ಬ್ಯಾಟಿನ ಒಳ ಅಂಚಿಗೆ ತಗುಲಿದ ಚೆಂಡು ಲೆಗ್ ಸ್ಟಂಪನ್ನು ಸವರಿದಂತೆ ಹಾದು ಫೈನ್ ಲೆಗ್ಗಿನ ಖಾಲಿ ಜಾಗದಲ್ಲಿ ಉರುಳಿತು. ನಾಲ್ಕು ರನ್.

ಇನ್ನು ಬೇಕಾದದ್ದು ಎರಡು.

ಉಪನಾಯಕಿ ಗಗನಾ ಕವರ್‌ನಿಂದ ಬಂದಳು. "ಕಣ್ಣೆದುರಿಗೇ ಫೋರ್ ಹೋಯ್ತಲ್ಲೇ! ಈಗಲಾದ್ರೂ ಅಲ್ಲಿ ಒಬ್ರನ್ನ ನಿಲ್ಸು. ಎಲ್ರೂ ನೋಡ್ತಿದಾರೆ."

ಕೋಚ್ ಕೂಡ ಬೌಂಡರಿಯಾಚೆ ಎದ್ದು ನಿಂತು ಅದೇ ಜಾಗಕ್ಕೆ ಕೈ ತೋರಿಸುತ್ತಿದ್ದರು. ಅಲ್ಲಿ ಒಬ್ಬಳನ್ನು ನಿಲ್ಲಿಸಿ ಸೋತರೆ ಯಾರೂ ಏನೂ ಅನ್ನುವುದಿಲ್ಲ. ಖಾಲಿ ಬಿಟ್ಟು ಸೋತರೆ ಅದೊಂದೇ ನೆನಪುಳಿಯುತ್ತದೆ. ಚೆಂಡು ಬೌಂಡರಿಗೆ ಹೋದದ್ದು ನಿಜ. ಆದರೆ ಎಣಿಸಿದಂತೆಯೇ ಕಯಲ್ವಿಳಿ ಮೋಸಹೋಗಿದ್ದೂ ನಿಜ. ಎರಡು ಬೆರಳಿನ ಅಂತರವನ್ನು ನೋಡಿ ಯೋಜನೆಯೇ ತಪ್ಪೆಂದು ಹೇಳಬಹುದೇ? ಈಗ ಫೀಲ್ಡರನ್ನು ಸರಿಸಿದರೆ, ಲೆಗ್ ಸ್ಟಂಪಿನ ಆ ಚೆಂಡನ್ನು ಬೇಕೆಂದೇ ಹಾಕಿಸಿದೆವೆಂದು ತಾನೇ ಒಪ್ಪಿಕೊಂಡಂತೆ. ಸರಿಸದಿದ್ದರೆ ಕಯಲ್ವಿಳಿ ಅದನ್ನು ಬೌಲರಿನ ಕೈತಪ್ಪು ಎಂದುಕೊಳ್ಳುತ್ತಾಳೆ.

"ಬೇಡ ಗಗನಾ. ನಿನ್ನ ಜಾಗಕ್ಕೆ ಹೋಗು."

"ನಿನ್ನಿಷ್ಟಮ್ಮ," ಎಂದು ಗಗನಾ ತಿರುಗಿದಳು.

ನಂದಿತಾ ಮೈದಾನಕ್ಕೆಲ್ಲ ಕೇಳುವಂತೆ ಪ್ರಣಮ್ಯಾಳನ್ನು ಬೈದಳು. "ತಳ್ಳಿ ಹಾಕು ಅಂದ್ರೆ ಕಾಲಿಗೆ ಹಾಕ್ತೀಯಲ್ಲೇ! ತಳ್ಳಿ! ತಳ್ಳಿ!"

"ಸಾರಿ ಅಕ್ಕಾ," ಎಂದು ಪ್ರಣಮ್ಯಾ ತಲೆ ತಗ್ಗಿಸಿದಳು. ತುಟಿಯಂಚು ಮಾತ್ರ ಸ್ವಲ್ಪ ಅಲುಗಿತು.

ಕಯಲ್ವಿಳಿ ಮತ್ತೆ ಆಫ್ ಕಡೆ ಸರಿದು ಬ್ಯಾಟ್ ಬೀಸಿದಳು. ಚೆಂಡು ಅವಳ ಕಾಲಿನ ಹಿಂದಿನಿಂದ ಬಂದು ಲೆಗ್ ಸ್ಟಂಪನ್ನು ಕೆಡವಿತು.

ಕುಣಿತ, ಕೂಗಾಟ ಎಲ್ಲ ಮುಗಿದ ಮೇಲೆ ಗುರುಚರಣ ಬಂದು ಬೆಂಚಿನ ಮೇಲೆ ಅವಳ ಪಕ್ಕ ಕುಳಿತರು.

"ಫೋರ್ ಹೋದ್ಮೇಲೂ ಯಾಕೆ ಬದಲಾಯಿಸ್ಲಿಲ್ಲ?"

ಅವಳು ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ಸೋತಿದ್ರೆ?"

"ಸೋತಿದ್ರೂ ಇದನ್ನೇ ಹೇಳ್ತಿದ್ದೆ ಸರ್."

"ಸೋತಿದ್ರೆ ನಾನು ಕೇಳೋಕೇ ಬರ್ತಿರ್ಲಿಲ್ಲ ಕಣಮ್ಮ," ಅಂದರು ಗುರುಚರಣ. "ಗಗನಾ ಹತ್ರ ಹೋಗಿರ್ತಿದ್ದೆ."

"ಗೊತ್ತು ಸರ್."

ಅವರು ಮಂಡಿ ಹಿಡಿದುಕೊಂಡು ಎದ್ದರು. "ಭಾನುವಾರ ಟಾಸಿಗೆ ನೀನೇ ಹೋಗು."