ದೊಡ್ಡಮನೆಯ ಕೊಳೆನೀರು

"ನಮ್ ಚಡ್ಡಿ ಒಗೆದ ನೀರಲ್ಲಿ ಸೊಪ್ಪು ಬೆಳ್ಕೊಂಡು ತಿಂತೀರಲ್ರೇ, ಹಂದಿ ಮುಂಡೇವಾ" ಎಂದು ಎವಾರಿಸ್ತೊ ಕಲ್ಲುತೊಟ್ಟಿಯ ಪಕ್ಕ ಉಗಿದ. ದೊಡ್ಡಮನೆಯ ಮೇಸ್ತ್ರಿ ಅವನು.

ಕೊಚಬಾಂಬಾ ಊರಂಚಿನ ಆ ಒಣಗುಡ್ಡದ ಮೇಲೆ ನಾವು ಹೆಂಗಸರು ಆ ಮನೆಯ ಬಟ್ಟೆ ಒಗೆಯುತ್ತಿದ್ದೆವು. ನೀರು ಅವರ ಟ್ಯಾಂಕರಿನದು. ಬೂದಿ ಹಾಕಿ ಒಗೆದ ನೀರು ಜಲ್ಲಿಯ ಗುಂಡಿಗಿಳಿದು, ಜೊಂಡಿನ ಬೇರುಗಳ ನಡುವೆ ಸೋಸಿ, ತಿಳಿಯಾಗಿ ನಮ್ಮ ಈರುಳ್ಳಿ ಮಡಿಗಳಿಗೆ ಹರಿಯುತ್ತಿತ್ತು. ಗುಡ್ಡದ ಮೇಲೆ ಹಸಿರೆಂದರೆ ಅಷ್ಟೇ. ಮೊದಲ ಬೊಗಸೆಯನ್ನು ಭೂತಾಯಿ ಪಾಚಮಾಮಾಳಿಗೆ ಚೆಲ್ಲದೆ ನಮ್ಮ ಗುಂಪಿನ ಕಸಿಮಿರಕ್ಕ ಎಂದೂ ಮಡಿಗೆ ನೀರು ಬಿಟ್ಟವಳಲ್ಲ.

ಎವಾರಿಸ್ತೊ ಬ್ಲೀಚಿನ ಕ್ಯಾನು ಇಟ್ಟ. "ಅಮ್ಮೋರ ಮಗಳ ಮದ್ವೆ. ಹಾಸಿಗೆ ಬಟ್ಟೆ ಹಾಲಿನಂಗೆ ಬೆಳ್ಳಗಾಗ್ಬೇಕು. ಬೂದಿಗೀದಿ ನಡೆಯಲ್ಲ."

"ಅದು ಬಿದ್ರೆ ಜೊಂಡು ಸಾಯ್ತದೆ ಕಣಣ್ಣ" ಎಂದಳು ಕಸಿಮಿರಕ್ಕ. "ಹೋದ್ಸಲ ಹುಸ್ತಜ್ಜಿ ಗೊತ್ತಿಲ್ದೆ ಒಂದ್ ಲೋಟ ಹುಯ್ದಿದ್ದಕ್ಕೇ ಅರ್ಧ ಗುಂಡಿ ಕೊಳ್ತೋಯ್ತು."

"ಸಾಯ್ಲಿ. ಹುಲ್ಲಿಗೂ ಪಾದ್ರೀನ ಕರೆಸ್ಬೇಕೇನೇ?"

ಬಟ್ಟೆ ನೆನೆಹಾಕಿದ್ದ ತೊಟ್ಟಿಗೆ ಅವನೇ ಕ್ಯಾನು ಬಗ್ಗಿಸಿದ. ನಮ್ಮೆಲ್ಲರ ಕಣ್ಣು ಉರಿಯಿತು. ನಗುತ್ತಲೇ, ಗುಂಡಿಗೆ ನೀರು ಬಿಡುವ ತೂಬಿಗೆ ತುರುಕಿದ್ದ ಚಿಂದಿಗೆ ಕೈಹಾಕಿದ. ಕಸಿಮಿರಕ್ಕ ತೂಬಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಅವನು ಬೂಟುಗಾಲಲ್ಲಿ ಒದ್ದ. ಅವಳು ಏಳಲಿಲ್ಲ.

"ಸಂಜೆಗೆ ಬಟ್ಟೆ ಬರ್ಲಿಲ್ಲ ಅಂದ್ರೆ ಟ್ಯಾಂಕರ್ ಬರಲ್ಲ, ಬೋಸೂಡಿ. ಉಚ್ಚೆ ಕುಡ್ಕೊಂಡ್ ಬಿದ್ದಿರಿ" ಎಂದು ಅವನು ಗುಡ್ಡ ಇಳಿದ.

ಬಟ್ಟೆ ಬೆಳ್ಳಗಾಯಿತು. ತೊಟ್ಟಿ ತುಂಬ ವಿಷ ಹಾಗೇ ನಿಂತಿತ್ತು.

"ಇದ್ನ ಎಲ್ಲಿಗೆ ಚೆಲ್ಲೋದೇ?" ಎಂದಳು ಹುಸ್ತಜ್ಜಿ.

ಕಸಿಮಿರಕ್ಕ ಸೊಂಟ ಹಿಡಿದುಕೊಂಡು ಎದ್ದಳು. "ಯಾರ್ದೋ ಅವ್ರಿಗೆ."

ತಲೆಯ ಮೇಲೆ ಬಟ್ಟೆಗಂಟು, ಕೈಯಲ್ಲಿ ತೊಟ್ಟಿಯ ನೀರು ತುಂಬಿದ ಬಕೆಟ್ಟು. ಗುಡ್ಡ ಇಳಿದೆವು. ದೊಡ್ಡಮನೆಯ ಅಂಗಳದಲ್ಲಿ ಮದುವೆಗೆಂದು ಹಾಸಿದ ಹುಲ್ಲು ಎಳೆ ಹಸಿರಾಗಿ ಮಿನುಗುತ್ತಿತ್ತು. ನಮ್ಮ ಗುಡ್ಡಕ್ಕೆ ಬರಬೇಕಾದ ಎಷ್ಟೋ ಟ್ಯಾಂಕರು ಅದಕ್ಕೇ ಕುಡಿಸಿದ್ದರು.

"ಹಿತ್ಲಿಂದ ಬರೋಕೇನ್ ರೋಗ?" ಎಂದರು ಜಗುಲಿಯ ಮೇಲಿದ್ದ ಅಮ್ಮೋರು.

ಕಸಿಮಿರಕ್ಕ ಗಂಟನ್ನು ಅವರ ಕಾಲ ಬಳಿ ಇಟ್ಟಳು. "ಬೆಳ್ಳಗಾಗೈತೆ, ನೋಡ್ಕಳಿ ಅಮ್ಮೋರೇ. ನಿಮ್ ನೀರೂ ತಂದಿದೀವಿ."

ಹುಲ್ಲಿನ ಮೇಲೆ ಮಂಡಿಯೂರಿದಳು. ಆವತ್ತು ಮೊದಲ ಬೊಗಸೆ ಚೆಲ್ಲಲಿಲ್ಲ. ಬರಿಗೈಯಿಂದ ನೆಲ ಮುಟ್ಟಿ, "ಸಿಟ್ಟು ನಿನ್ಮೇಲಲ್ಲ ತಾಯಿ, ಒಂದೀಟು ತಡ್ಕೋ" ಎಂದು ಪಿಸುಗುಟ್ಟಿದಳು.

ಆಮೇಲೆ ಬಕೆಟ್ಟು ಬಗ್ಗಿಸಿದಳು. ನಾಳೆ ಟ್ಯಾಂಕರ್ ಬರುವುದಿಲ್ಲವೆಂದು ಗೊತ್ತಿದ್ದೇ, ಅವಳ ಹಿಂದೆ ನಾವು ನಮ್ಮ ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದೆವು.