ಸೇತುವೆಯಮ್ಮನ ತೀರ್ಪು

ಗಾಜಿನ ಆ ಕಡೆ ಅತ್ತೆ ಕೂತಿದ್ದರು, ಈ ಕಡೆ ಸೊಸೆ ನಿಂತಿದ್ದಳು. ಗಾಜು ಎಂಥದ್ದೆಂದರೆ ಈ ಕಡೆಯವರಿಗೆ ಎಲ್ಲವೂ ಕಾಣುತ್ತದೆ, ಆ ಕಡೆಯವರಿಗೆ ತಮ್ಮ ಮುಖವೇ ಕಾಣುತ್ತದೆ. ಅತ್ತೆ ಒಳಗೆ ಬಂದವರೇ ಅದರಲ್ಲಿ ನೋಡಿಕೊಂಡು ಕೂದಲು ಸರಿಮಾಡಿಕೊಂಡರು. ಆಮೇಲೆ ದೊಡ್ಡ ಪರದೆಯ ಮುಂದೆ ಕಾಲು ಚಾಚಿ ಕೂತು ರಿಮೋಟು ಕೈಗೆತ್ತಿಕೊಂಡರು. ಆಡುವವರು ಅದನ್ನು ಬೇರೇನೋ ಎಂದು ಕರೆಯುತ್ತಾರೆ, ಅತ್ತೆಗೆ ಮಾತ್ರ ಅದು ರಿಮೋಟೇ. ವಯಸ್ಸು ಎಪ್ಪತ್ತರ ಹತ್ತಿರ, ಬೆರಳು ಹದಿನಾರರದ್ದು.

ಸೊಸೆ ಈ ಸ್ಟುಡಿಯೋದಲ್ಲಿ ಕಥೆ ಬರೆಯುವವರ ಮುಖ್ಯಸ್ಥೆ. ಇಲ್ಲಿ ತಯಾರಾಗುವುದು ಆಡುವವರೇ ಒಂದು ಪಾತ್ರವಾಗಿ ಕಥೆಯೊಳಗೆ ನಡೆದುಹೋಗುವಂಥ ವಿಡಿಯೋ ಗೇಮುಗಳು. ಒಂದು ಕಾಲದಲ್ಲಿ ಆ ಬಗೆಯ ಆಟ ಎಂದರೆ ಇವರದ್ದೇ, ಉಳಿದವರು ಬಾಲ ಹಿಡಿದು ಬರುತ್ತಿದ್ದರು. ಈಗ ಜನ ಇವರ ಬಗ್ಗೆ ಬಾಯಿ ತೆರೆದರೆ ಮೊದಲು ಬರುವುದೇ ಆ 'ಒಂದು ಕಾಲದಲ್ಲಿ'. ಎರಡು ಬೀದಿ ಆಚೆ ಎದ್ದ ಹೊಸ ಸ್ಟುಡಿಯೋದ ಆಟವನ್ನು ಲೋಕವೆಲ್ಲ ಆಡುತ್ತಿದೆ. ಅಲ್ಲಿರುವ ಅರ್ಧ ಜನ ಇಲ್ಲೇ ಅಕ್ಷರಾಭ್ಯಾಸ ಮಾಡಿ ಹೋದವರು. ಗುರುವಿಗೇ ತಿರುಮಂತ್ರ ಹಾಕುವುದೆಂದರೆ ಇದೇ ಇರಬೇಕು. ಇನ್ನೂ ಉರಿಯುವ ಸಂಗತಿ ಏನೆಂದರೆ, ಆ ಹೊಸ ಆಟವನ್ನು ಅತ್ತೆ ಮನೆಯ ಹಜಾರದಲ್ಲೇ ಕೂತು ಆಡುತ್ತಿದ್ದರು, ಸೊಸೆಯ ಕಣ್ಣೆದುರಿಗೇ.

ಸ್ಟುಡಿಯೋದ ಯಜಮಾನರು ಸೊಸೆಯ ಪಕ್ಕದಲ್ಲಿ ನಿಂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದರು. ದುಡ್ಡು ಹಾಕಿದವರು ಮಧ್ಯಾಹ್ನ ಬರುತ್ತಾರೆ, ಬಿಡುಗಡೆಯ ದಿನ ಹೇಳಲೇಬೇಕು. ಈಗಾಗಲೇ ಎರಡು ಸಲ ಮುಂದೆ ಹಾಕಿದ್ದಾಗಿದೆ. ಮೂರನೇ ಸಲ ಮುಂದೆ ಹಾಕಿದರೆ ಕಥೆಯನ್ನು ಬೇರೆಯವರ ಕೈಗೆ ಕೊಡುತ್ತೇವೆ ಎಂದು ಅವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಂದರೆ ಸೊಸೆ ಮನೆಗೆ. ಆಟ ಸಿದ್ಧವಾಗಿದೆ ಎಂದುಬಿಟ್ಟರೆ ಅವಳ ಕುರ್ಚಿ ಉಳಿಯುತ್ತದೆ, ಆದರೆ ಇದೊಂದು ನೆಲಕಚ್ಚಿದರೆ ಸ್ಟುಡಿಯೋಗೇ ಬೀಗ. ಕಥೆಯ ಬಗ್ಗೆ ಕೊನೆಯ ಮಾತು ನಿನ್ನದೇ, ನೀನು ಹೇಳಿದ್ದನ್ನೇ ನಾನು ಅವರಿಗೆ ಹೇಳುತ್ತೇನೆ ಎಂದು ಯಜಮಾನರು ಬೆಳಿಗ್ಗೆಯೇ ಅವಳ ತಲೆಗೆ ಕಟ್ಟಿದ್ದರು. ಅದಕ್ಕೇ ಅವಳು ಅತ್ತೆಯನ್ನು ಕರೆಸಿದ್ದು.

ಆಫೀಸಿನಲ್ಲಿ ಅತ್ತೆಗೆ ಸೇತುವೆಯಮ್ಮ ಎಂದು ಹೆಸರು. ಅದು ಬಂದದ್ದು ಸ್ಟುಡಿಯೋದ ಮೊದಲ ಆಟದಿಂದ. ಅದರಲ್ಲಿ ಒಬ್ಬ ಮುದಿ ಕಾವಲುಗಾರ ಉದ್ದಕ್ಕೂ ನಮ್ಮ ಜೊತೆ ಬರುತ್ತಾನೆ. ಕೊನೆಗೆ ಒಂದು ಮುರಿದ ಸೇತುವೆ, ಹಿಂದೆ ಶತ್ರುಗಳು, ಹಗ್ಗ ಹಿಡಿದು ನಿಂತವನು ಅವನು. ಹಗ್ಗ ಕಡಿದರೆ ನಾವು ಬದುಕುತ್ತೇವೆ, ಅವನು ಹೋಗುತ್ತಾನೆ. ಅಲ್ಲಿಯವರೆಗೂ 'ನೀವು ಬನ್ನಿ, ನೀವು ಕೂತುಕೊಳ್ಳಿ' ಎನ್ನುತ್ತಿದ್ದ ಮುದುಕ, ಅಲ್ಲಿ ಮಾತ್ರ 'ನೀನು ಹೋಗು' ಎನ್ನುತ್ತಾನೆ. ಅಷ್ಟೇ, ಎರಡು ಮಾತು. ಅದನ್ನು ಮೊತ್ತಮೊದಲು ಆಡಿ ನೋಡಿದ ಅತ್ತೆ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕೂತೇಬಿಟ್ಟಿದ್ದರು. ಕಾಫಿ ಆರಿತು, ಬಿಸಿ ಮಾಡಿ ತಂದದ್ದೂ ಆರಿತು. ಇನ್ನು ಮೇಲೆ ನಮ್ಮ ಆಟಗಳನ್ನು ಅಳೆಯಬೇಕಾದ್ದು ಆರಿದ ಕಾಫಿಯಲ್ಲೇ ಎಂದು ಯಜಮಾನರು ಅವತ್ತು ಕುಣಿದಾಡಿದ್ದರು.

ಆ ಎರಡು ಮಾತು ಎಲ್ಲಿಂದ ಬಂತು ಎನ್ನುವುದು ಸೊಸೆಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ತಿಂಗಳುಗಟ್ಟಲೆ 'ಬನ್ನಿ, ಹೋಗಿ, ನಿಮಗೇನು ಬೇಕು' ಎಂದೇ ಮಾತಾಡಿಸಿದರು. ನಗುನಗುತ್ತಲೇ, ತೂಕ ಮಾಡಿ ಮಾತಾಡುತ್ತಿದ್ದರು. ಆ ಬಹುವಚನದಲ್ಲಿ ಅವಳು ಬಾಡಿಗೆಗೆ ಬಂದವಳ ಹಾಗೆ ಬದುಕಿದಳು. ಒಂದು ಬೆಳಿಗ್ಗೆ ಬಿಸಿ ಬಾಣಲೆ ತಗಲಿ ಮಣಿಕಟ್ಟು ಸುಟ್ಟಾಗ ಅತ್ತೆ ಓಡಿಬಂದು, "ಕೈ ತೋರ್ಸೇ ಇಲ್ಲಿ, ಕಣ್ಣೆಲ್ಲಿಟ್ಟಿದ್ದೆ ನೀನು?" ಎಂದು ಬೈದರು. ಅವಳು ಅತ್ತಳು, ಉರಿಗಲ್ಲ. ಅವತ್ತಿನಿಂದ ಇವತ್ತಿನವರೆಗೂ ಅತ್ತೆ ಅವಳನ್ನು ಬೈಯುತ್ತಲೇ ಇದ್ದಾರೆ, ಅವಳು ಆ ಮನೆಯವಳಾಗಿಯೇ ಇದ್ದಾಳೆ. ಅತ್ತೆ ಬೈಯುವುದು ಮನೆಯವರನ್ನು ಮಾತ್ರ, ಹೊರಗಿನವರಿಗೆಲ್ಲ ಮರ್ಯಾದೆ.

ಅತ್ತೆ ಈಗ ಗಾಜಿನಾಚೆ ಆಡುತ್ತಿದ್ದ, ಇವರದೇ ಹೊಸ ಆಟದಲ್ಲಿ ಜೊತೆಗೆ ಬರುವವಳು ಆ ಕಾವಲುಗಾರನ ಮೊಮ್ಮಗಳು. ಈಗಿನವರಿಗೆ ತಾಳ್ಮೆ ಇಲ್ಲ, ಮೊದಲ ನಿಮಿಷದಲ್ಲೇ ಸಲಿಗೆ ಬೆಳೆಯಬೇಕು ಎಂದು ಮಾರಾಟದವರು ಹಟ ಹಿಡಿದರು. ಹುಡುಗಿ ಮೊದಲ ಮಾತಿನಿಂದಲೇ 'ನೀನು' ಎನ್ನತೊಡಗಿದಳು. ಸೊಸೆ ಒಪ್ಪಿ ತಲೆಯಾಡಿಸಿದ್ದಳು. ಎದುರಾಳಿಯ ಕಾಡು ನಮ್ಮ ಕಾಡಿಗಿಂತ ದೊಡ್ಡದಂತೆ, ಅವರ ಕುದುರೆಯ ಬೆನ್ನ ಮೇಲೆ ಬೆವರು ಕಾಣುತ್ತದಂತೆ ಎಂದು ಎಲ್ಲರೂ ಹೌಹಾರಿದ್ದ ಹೊತ್ತು ಅದು. ಒಂದು ಸರ್ವನಾಮಕ್ಕೆ ಯಾರು ಜಗಳವಾಡುತ್ತಾರೆ?

ಗಾಜಿನಾಚೆ ಆಟ ಕೊನೆಯ ಬಾಗಿಲಿಗೆ ಬಂದಿತ್ತು. ಕೋಟೆ ಉರಿಯುತ್ತಿದೆ, ಮೊಮ್ಮಗಳು ಒಳಗಿದ್ದಾಳೆ. ಬಾಗಿಲು ಹಾಕಿಕೊಂಡರೆ ಆಡುವವರು ಪಾರು, ಅವಳು ಬೂದಿ. ಪರದೆಯ ಮೇಲೆ ಬೆಂಕಿ ಎಷ್ಟು ಚೆನ್ನಾಗಿ ಮೂಡಿಬಂದಿತ್ತೆಂದರೆ ಯಜಮಾನರ ಮುಖಕ್ಕೂ ಕೆಂಪು ಬಂತು. "ನೀನು ಹೋಗು," ಎಂದಳು ಹುಡುಗಿ.

ಸೊಸೆ ಗಾಜಿಗೆ ಇನ್ನೂ ಹತ್ತಿರ ಸರಿದಳು. ಇನ್ನು ಅತ್ತೆ ರಿಮೋಟು ಕೆಳಗಿಡಬೇಕು, ಈಗ ಇಡುತ್ತಾರೆ, ಈಗ ಇಡುತ್ತಾರೆ.

ಅತ್ತೆ ಬಾಗಿಲು ಹಾಕಿದರು. ಹಾಕಿ, ಕಾಫಿ ಲೋಟ ಎತ್ತಿ ಒಂದು ಗುಟುಕು ಕುಡಿದರು. ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು.

ಸೊಸೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಾಯಿಬಿಟ್ಟು ಹೇಳುವುದು ಇನ್ನೂ ಬಾಕಿ ಇದೆ, ಅತ್ತೆಯ ಬಾಯಿ ಸುಮ್ಮನಿರುವ ಬಾಯಲ್ಲ. ಚೆನ್ನಾಗಿಲ್ಲದಿದ್ದರೆ ನೀರಿಳಿಸಿಬಿಡುತ್ತಾರೆ. ಅವಳು ಯಜಮಾನರ ಹಿಂದೆಯೇ ಆ ಕೋಣೆಗೆ ಹೋದಳು.

ಅತ್ತೆ ಎದ್ದು ನಿಂತು ಯಜಮಾನರಿಗೆ ಕೈಮುಗಿದರು. ಆಮೇಲೆ ಸೊಸೆಯ ಕಡೆ ತಿರುಗಿ ನಕ್ಕರು. "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ನೀವು ತುಂಬಾ ಕಷ್ಟಪಟ್ಟಿದ್ದೀರಿ, ಕಾಣ್ಸುತ್ತೆ." ಒಂದು ಕ್ಷಣ ಮುಂದಿನ ಮಾತಿಗೆ ತಡಕಾಡಿ, "ನಿಮ್ಮ ಬ್ಯಾಗು ಈ ಕುರ್ಚಿ ಮೇಲೇ ಇದೆ ನೋಡಿ, ಮರೀಬೇಡಿ," ಎಂದರು.

ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಸೇತುವೆಯಮ್ಮನೇ ತಲೆದೂಗಿದ ಮೇಲೆ ಇನ್ಯಾರ ಒಪ್ಪಿಗೆ ಬೇಕು ಎನ್ನುತ್ತ ಕಾರಿಡಾರಿನಲ್ಲಿ ಫೋನು ತೆಗೆದರು, ಬಿಡುಗಡೆಯ ದಿನ ಹೇಳಿಬಿಡೋಣವೆಂದು. ಸೊಸೆಗೆ ಆ ಗಳಿಗೆ ಸುಮ್ಮನಿದ್ದುಬಿಡುವ ಆಸೆ ಆಯಿತು. ಯಾರೂ ಅವಳನ್ನು ದೂರುತ್ತಿರಲಿಲ್ಲ. ಇಪ್ಪತ್ತು ವರ್ಷ ಕೂತ ಕುರ್ಚಿ, ಅದರ ಕೈಯ ಮೇಲೆ ಅವಳ ಮೊಣಕೈ ಸವೆಸಿದ ಗುರುತಿದೆ. ಅವಳು ಕೈಚಾಚಿ ಫೋನಿನ ಮೇಲೆ ಅಂಗೈ ಇಟ್ಟಳು.

"ಬೇಡ ಸರ್. ಇದು ಆಗಿಲ್ಲ."

"ಏನಮ್ಮಾ ಇದು? ನಿಮ್ಮತ್ತೆ ಚೆನ್ನಾಗಿದೆ ಅಂದ್ರಲ್ಲ."

"ಅವರು ನನ್ನನ್ನ 'ನೀವು' ಅಂದ್ರು ಸರ್."

ಯಜಮಾನರು ನಗಲು ಹೋದರು. ಎಲ್ಲರನ್ನೂ ಸೇರಿಸಿ ಹೇಳಿರಬೇಕು, ಇಡೀ ತಂಡಕ್ಕೆ, ಎಂದರು.

"ಬ್ಯಾಗು ನನ್ನೊಬ್ಬಳದು ಸರ್."

ಅವರ ನಗು ಅಲ್ಲೇ ನಿಂತಿತು. ಮನುಷ್ಯ ದಡ್ಡನಲ್ಲ. ಆ ಮುದಿ ಕಾವಲುಗಾರನ ಎರಡು ಮಾತಿನಿಂದ ಅನ್ನ ತಿಂದವರು, ಕಟ್ಟಡ ಕಟ್ಟಿಸಿದವರು. ಗೋಡೆಗೊರಗಿ ಪೆನ್ನಿನ ಮುಚ್ಚಳ ತಿರುಗಿಸಿದರು. "ಮೂರನೇ ಸಲ ಇದು. ನಿನ್ನ ಗತಿ ಏನು ಅಂತ ಗೊತ್ತು ತಾನೇ?" ಎಂದರು. ಗೊತ್ತು ಎಂದಳು. ಹಾಗಾದರೆ ಏನು ಸರಿಮಾಡಬೇಕು ಅನ್ನುವುದನ್ನಾದರೂ ಬರೆದಿಟ್ಟು ಹೋಗು ಎಂದರು. ಬರೆಯುವುದು ಹೆಚ್ಚೇನಿರಲಿಲ್ಲ. ಕೊನೆಯ ಬಾಗಿಲಲ್ಲಿ ಕೊಡಬೇಕಾದ 'ನೀನು' ಎನ್ನುವ ಮಾತನ್ನು ಮೊದಲ ಹೊಸ್ತಿಲಲ್ಲೇ ಕೊಟ್ಟುಬಿಟ್ಟಿದ್ದೇವೆ ಎಂದಷ್ಟೇ ಬರೆದಳು.

ದುಡ್ಡು ಹಾಕಿದವರು ಬಂದರು, ಕೇಳಿದರು, ಆಡಿದ ಮಾತು ಉಳಿಸಿಕೊಂಡರು. ಸಂಜೆಯೊಳಗೆ ಕಥೆ ಬೇರೆಯವರ ಕೈ ಸೇರಿತು.

ಅಷ್ಟು ಹೊತ್ತೂ ಅತ್ತೆ ಕೆಳಗಿನ ಹಜಾರದಲ್ಲಿ ಕಾದು ಕೂತಿದ್ದರು. ಕಾರಿನಲ್ಲಿ ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅಳಬಾರದು ಅಂದುಕೊಂಡಿದ್ದಳು, ಅತ್ತಳು.

"ನಾನು 'ನೀವು' ಅಂದ್ನಾ?"

"ಅಂದ್ರಿ ಅತ್ತೆ."

"ನನಗೆ ಗೊತ್ತೇ ಆಗ್ಲಿಲ್ಲ ನೋಡು. ಅಲ್ಲಿ ಕೂತು ಆಡ್ತಾ ಆಡ್ತಾ ಯಾರದೋ ಮನೆಗೆ ಬಂದು ಕೂತ ಹಾಗಾಯ್ತು. ಬಾಯಿಗೆ ಅದೇ ಬಂತು." ಅತ್ತೆ ಕಿಟಕಿಯ ಕಡೆ ನೋಡಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಇಡೀ ಮೈ ಈ ಕಡೆ ತಿರುಗಿಸಿದರು. "ಅಲ್ಲ ಕಣೇ, ಗುರುತು ಪರಿಚಯ ಇಲ್ಲದ ಹುಡುಗಿ ಬಂದ ತಕ್ಷಣ 'ನೀನು' ಅಂತಾಳಲ್ಲ, ಬರೆಯೋವಾಗ ಬುದ್ಧಿ ಎಲ್ಲಿಟ್ಟಿದ್ದೆ ನೀನು? ನಾನು ಮನೇಲಿ ಆಡೋ ಆ ಇನ್ನೊಂದು ಆಟದಲ್ಲಿ ಜೊತೆಗೆ ಬರೋ ಅಡುಗೆಯವನು ಇನ್ನೂ ನನ್ನ ಮುಖ ನೋಡಿ ಮಾತಾಡಿಲ್ಲ. ಅವನು ಮಾತಾಡ್ಲಿ ಅಂತಾನೇ ನಾನು ಆಡ್ತಿರೋದು. ನಿನ್ನಿಂದ ಕಲಿತವರೇ ಅಲ್ವೇನೇ ಅದನ್ನ ಮಾಡಿರೋದು? ಅವರಿಗೆ ಕಲಿಸಿ ನೀನು ಮರೆತೆಯಾ? ಮುಖ ಒರೆಸ್ಕೋ ಮೊದಲು, ರಸ್ತೆ ನೋಡು."

ಸೊಸೆ ಮುಖ ಒರೆಸಿಕೊಂಡು ರಸ್ತೆ ನೋಡಿದಳು. ಅತ್ತೆ ಮೊದಲ ಆಟದ ಸೇತುವೆಯಿಂದ ಶುರುಮಾಡಿ, ಮೊಮ್ಮಗಳ ನಡೆ, ನುಡಿ, ಉಟ್ಟ ಬಟ್ಟೆ, ಒಂದನ್ನೂ ಬಿಡದೆ ಬೈಯುತ್ತಿದ್ದರು. ಮನೆಯ ತಿರುವು ಬಂತು. ಅವಳು ತಿರುಗಿಸಲಿಲ್ಲ, ನೇರ ಹೋಗಿ ಇನ್ನೊಂದು ಸುತ್ತು ಹಾಕಿಕೊಂಡು ಬಂದಳು.