ಮುಂದಿನ ಚಳಿಗಾಲದ ಸೌದೆ

ನಾದಿನಿ ಬಂದವಳೇ ಚಪ್ಪಲಿ ಬಿಟ್ಟಳು, ಅಮ್ಮನ ಕೆನ್ನೆ ಸವರಿದಳು, ನೆಟ್ಟಗೆ ಹೋಗಿ ಒಲೆಗೆ ಕೈ ಹಾಕಿದಳು. ಸೊಸೆಯ ನೆಮ್ಮದಿ ಅಲ್ಲಿಗೆ ಮುಗಿಯಿತು.

ಒಲೆಯೆಂದರೆ ಅಡುಗೆ ಒಲೆಯಲ್ಲ. ನಡುಮನೆಯ ಮೂಲೆಯಲ್ಲಿ ನಾಲ್ಕು ಗಿಡ್ಡ ಕಾಲಿನ ಮೇಲೆ ಕೂತ, ಮನೆ ಬೆಚ್ಚಗಿಡುವ ಕಬ್ಬಿಣದ ಒಲೆ. ಕೆಳಗೆ ಗಾಳಿ ಬಿಡುವ ಕಿಂಡಿ; ಮೇಲೆ ಹೊಗೆ ಕೊಳವೆ, ಅದರಲ್ಲಿ ಹೊಗೆಯನ್ನು ತಡೆಯಲು, ಸಡಿಲ ಬಿಡಲು ಒಂದು ಹಿಡಿ. ಇವೆರಡರ ಹದ ಸಿಕ್ಕವರಿಗೆ ಒಲೆ ಹೇಳಿದಂತೆ ಕೇಳುತ್ತದೆ, ಸಿಗದವರ ಮುಖಕ್ಕೆ ಹೊಗೆ ಉಗುಳುತ್ತದೆ. ಸೊಸೆಗೆ ಆ ಹದ ಸುಮ್ಮನೆ ಸಿಕ್ಕಿರಲಿಲ್ಲ. ಅವಳು ಟೈಲರ್. ಕಿಟಕಿ ಪಕ್ಕ ಮಿಷನ್ ಹಾಕಿಕೊಂಡು ಬೀದಿಯವರ ಅಂಗಿ, ಪರದೆ, ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಹೊಲಿಗೆ ಒಂದೆಳೆ ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುವ ಹೆಂಗಸು ಒಲೆಯನ್ನು ಅದರ ಪಾಡಿಗೆ ಬಿಟ್ಟಾಳೆಯೇ? ಬೆಳಿಗ್ಗೆ ಬೂದಿ ಬಳಿಯುವಾಗ ತಳದಲ್ಲಿ ಒಂದು ಪದರ ಉಳಿಸುತ್ತಿದ್ದಳು, ಕೆಂಡ ಅದರೊಳಗೆ ಬೆಚ್ಚಗೆ ಮಲಗಿರಲಿ ಎಂದು. ಒಲೆಯ ಬಾಗಿಲಿನ ಅಂಚಿಗೆ ಸಂದು ಮುಚ್ಚುವ, ಬೆಂಕಿ ತಾಳುವ ಹಗ್ಗ ಸವೆದು ಗಾಳಿ ನುಸುಳತೊಡಗಿದಾಗ ತಾನೇ ಕೆರೆದು ಹೊಸದು ಅಂಟಿಸಿದ್ದಳು. ಉದ್ದನೆಯ ಬ್ರಷ್ಷಿನಲ್ಲಿ ಕೊಳವೆಯ ಮಸಿ ಕೆಡವಿ ಮೂಗಿನವರೆಗೂ ಕಪ್ಪಾಗಿದ್ದಳು. ಸೌದೆಗೆ ಸೌದೆ ತಟ್ಟಿ, ಸದ್ದಿನಲ್ಲೇ ಒಣಗಿದ್ದೋ ಹಸಿಯೋ ಹೇಳುತ್ತಿದ್ದಳು. ಕಿಂಡಿ ಒಂದು ಬೆರಳು ತೆರೆದಿಟ್ಟರೆ ಅವಳ ಒಲೆ ಸದ್ದಿಲ್ಲದೆ, ಹೊಗೆಯಿಲ್ಲದೆ ಬೆಳಗಿನವರೆಗೆ ಉರಿಯುತ್ತಿತ್ತು. ಚಳಿ ಶುರುವಾದ ಮೇಲೆ ಆ ಮನೆಯಲ್ಲಿ ಒಲೆಗೆಂದು ಬೆಂಕಿಪೊಟ್ಟಣ ಮುಟ್ಟುವ ಕೆಲಸವೇ ಇರಲಿಲ್ಲ.

ಮಧ್ಯಾಹ್ನ ಅವಳು ಮಿಷನ್ ಬಿಟ್ಟು ಏಳಲಾರದಾಗ ಒಲೆಗೆ ಸೌದೆ ಹಾಕುವುದು ಅತ್ತೆಯ ಕೆಲಸ. ಅತ್ತೆಗೆ ಕಣ್ಣು ಮಂಜಾಗಿ, ಬೆಳಕು ನೆರಳು ಬಿಟ್ಟರೆ ಏನೂ ಕಾಣದು. ಅದಕ್ಕೇ ಸೊಸೆ ಅತ್ತೆಯ ಸೌದೆಯನ್ನು ಬೇರೆಯೇ ಸೀಳುತ್ತಿದ್ದಳು: ಮುಷ್ಟಿಗೆ ಹಿಡಿಯುವಷ್ಟು ಸಣ್ಣಗೆ, ತೊಗಟೆ ಸುಲಿದು, ಸಿಬಿರು ಚುಚ್ಚದಂತೆ ಚಾಕುವಿನಲ್ಲಿ ಹೆರೆದು. ಇದನ್ನು ಅವಳು ಹೇಳಿರಲಿಲ್ಲ, ಅತ್ತೆ ಕೇಳಿರಲಿಲ್ಲ. ಆ ಇಬ್ಬರ ನಡುವೆ ಮಾತೆಂದರೆ "ಉಪ್ಪು ಜಾಸ್ತಿಯಾಯ್ತು", "ಹಾಗಾದ್ರೆ ನೀರು ಕುಡೀರಿ", ಅಷ್ಟೇ.

ಇಂಥ ಒಲೆಗೆ ಕೈ ಹಾಕಿದಳು ನಾದಿನಿ. ದೂರದ ಪಟ್ಟಣದಲ್ಲಿ ಚಪ್ಪಲಿ ಅಂಗಡಿ ನಡೆಸುವ ಮಹಾರಾಯ್ತಿ, ವರ್ಷಕ್ಕೊಮ್ಮೆ ತೌರಿಗೆ ಬರುವವಳು.

"ಅಲ್ಲ ಅತ್ತಿಗೆ, ಇದೇನು ಒಲೆನೋ ಕಬ್ಬಿಣದ ಪೆಟ್ಟಿಗೆನೋ? ಒಳಗೆ ಬೆಂಕಿ ಇದೆಯಾ, ಸತ್ತಿದೆಯಾ?" ಎನ್ನುತ್ತ ಕಿಂಡಿಯನ್ನು ಪೂರ್ತಿ ಎಳೆದಳು, ಕೊಳವೆಯ ಹಿಡಿಯನ್ನು ನೆಟ್ಟಗೆ ಮಾಡಿದಳು, ಬಾಗಿಲು ತೆರೆದು ಹಿಡಿಸಿದಷ್ಟು ಸೌದೆ ತುರುಕಿದಳು. ಒಲೆ ಗೊರ್ ಎಂದು ಮೊರೆಯಿತು. ಕೆಂಪು ಬೆಳಕು ಅತ್ತೆಯ ಮುಖದ ಮೇಲೆ ಕುಣಿಯಿತು. ಅತ್ತೆ ಎರಡೂ ಕೈ ಚಾಚಿ ನಕ್ಕು, "ಈಗ ನೋಡು ಪುಟ್ಟಿ, ಮನೆಗೆ ಜೀವ ಬಂತು" ಅಂದರು.

ಜೀವ ಬಂತಂತೆ. ಹಾಗಾದರೆ ಇಷ್ಟು ವರ್ಷ ಹೆಣದ ಮನೆಯಲ್ಲಿ ಕೂತಿದ್ದರೇ? ಸೊಸೆ ನೆಲಕ್ಕುದುರಿದ ಸೌದೆ ಚೂರುಗಳನ್ನು ಗುಡಿಸಿದಳು. ನಲವತ್ತು ದಾಟಿದ, ಮಂಡಿನೋವಿನ ಹೆಂಗಸು ಪುಟ್ಟಿ. ತಾನು ಮಾತ್ರ ಮದುವೆಯಾಗಿ ಬಂದ ದಿನದಿಂದ "ಇವಳೇ". "ಇವಳೇ, ನೀರು ಕೊಡು." "ಇವಳೇ, ಬಾಗಿಲು ಹಾಕು." ಅಸೂಯೆಯೆಂದರೆ ಅಸೂಯೆಯೇ, ಅದಕ್ಕೆ ಬೇರೆ ಹೆಸರಿಡುವುದು ಬೇಡ. ನಾದಿನಿಯ ನಗು, ಅವಳ ಸೆಂಟಿನ ವಾಸನೆ, ಅವಳಿಗೆ ಅಷ್ಟು ಸುಲಭವಾಗಿ ಸಿಕ್ಕ ಆ ಹೊಗಳಿಕೆ, ಎಲ್ಲವೂ ಸೊಸೆಗೆ ಕಣ್ಣಲ್ಲಿ ಕಸ ಬಿದ್ದಷ್ಟು ಚುಚ್ಚಿತು. ಮಾರನೆಯ ಬೆಳಿಗ್ಗೆ ಒಲೆ ತಣ್ಣಗೆ ಸತ್ತಿತ್ತು, ಬುಟ್ಟಿಯ ಸೌದೆಯೆಲ್ಲ ಬೂದಿ. ಬೆಂಕಿಪೊಟ್ಟಣ ಹುಡುಕಿ ಮತ್ತೆ ಹೊತ್ತಿಸಿದವಳು ಸೊಸೆ.

ಅದೇ ಮಧ್ಯಾಹ್ನ ಊಟಕ್ಕೆ ಕೂತಾಗ ನಾದಿನಿ ಮಾತು ತೆಗೆದಳು. "ಅಮ್ಮನ್ನ ನಾಳೆ ನಮ್ಮನೆಗೆ ಕರ್ಕೊಂಡು ಹೋಗ್ತೀನಿ ಅತ್ತಿಗೆ. ಇನ್ಮೇಲೆ ಅಲ್ಲೇ ಇರ್ಲಿ. ನಿಮಗೆ ಹೊಲಿಗೆ ಕೆಲಸ, ಅಣ್ಣ ಬಸ್ ಓಡಿಸ್ಕೊಂಡು ವಾರಕ್ಕೊಂದ್ಸಲ ಮನೆ ಮುಖ ನೋಡೋನು. ನೀವೊಬ್ರೇ ಎಷ್ಟು ಅಂತ ಮಾಡ್ತೀರ?"

ಒಲೆ ಪಕ್ಕದ ಅತ್ತೆಯ ಕುರ್ಚಿ ಖಾಲಿಯಾಗಿ ಸೊಸೆಯ ಕಣ್ಣಿಗೆ ಕಟ್ಟಿತು. ಬೇಡ ಅನ್ನಬೇಕು, ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅತ್ತೆ ತಲೆ ಬಗ್ಗಿಸಿ ಸುಮ್ಮನೆ ಕೂತಿದ್ದರು. ಹೋಗಲ್ಲ ಅನ್ನಲಿಲ್ಲವಲ್ಲ. ಅವರಿಗೇ ಬೇಡವಾದ ಮೇಲೆ ನಾನ್ಯಾಕೆ ಗೋಗರೆಯಲಿ ಎಂಬ ಬಿಗುಮಾನ ಅಡ್ಡ ನಿಂತಿತು.

"ಅದಕ್ಕೇನಂತೆ, ಅವರಿಷ್ಟ" ಅಂದಳು.

ಅತ್ತೆ ತಟ್ಟೆಯಿಂದ ಕೈ ತೆಗೆದರು. "ಹಾಗಾದ್ರೆ ನನ್ನ ಬಟ್ಟೆ ಮಡಿಚಿಡು, ಇವಳೇ" ಅಂದರು.

ಗಂಡನಿಗೆ ಫೋನ್ ಮಾಡಿದರೆ, "ಬಿಡು, ನಿಂಗೂ ಒಂಚೂರು ಪುರುಸೊತ್ತು ಸಿಗುತ್ತೆ" ಅಂದ. ಅಂಗಿ ಒಯ್ಯಲು ಬಂದ ಎದುರುಮನೆಯವಳು ಕಣ್ಣು ಮಿಟುಕಿಸಿ, "ಪುಣ್ಯವಂತೆ ಕಣೆ ನೀನು" ಅಂದಳು. ಅತ್ತೆ ಹೊರಟರೆ ಸೊಸೆ ಕುಣಿಯಬೇಕೆಂದು ಲೋಕವೇ ತೀರ್ಮಾನಿಸಿಬಿಟ್ಟ ಮೇಲೆ, ಅತ್ತೆ ಬೇಕು ಎಂದು ಅಳುವುದು ಯಾರ ಮುಂದೆ? ಅವಳು ಬಟ್ಟೆ ಮಡಿಚಿದಳು. ಅತ್ತೆಯ ಸ್ವೆಟರಿನ ಸಡಿಲ ಗುಂಡಿ ಬಿಗಿದಳು. ಇದನ್ನು ಇನ್ನು ತೊಡಿಸುವವಳು ಪುಟ್ಟಿ ಎಂದು ನೆನಪಾಗಿ, ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಲ್ಲಿ ಕಡಿದಳು.

ಹೊರಡುವ ಬೆಳಿಗ್ಗೆ ನಾದಿನಿ ತೋಳು ಮಡಿಚಿ ಒಲೆ ಮುಂದೆ ಕೂತಳು. "ಅತ್ತಿಗೆ, ಒಂದು ತೆಕ್ಕೆ ಸೌದೆ ತನ್ನಿ. ಬಸ್ಸು ಹತ್ತೋ ಮುಂಚೆ ಅಮ್ಮ ಚೆನ್ನಾಗಿ ಮೈ ಕಾಯಿಸ್ಕೊಳ್ಳಲಿ. ನನ್ನ ಬೆಂಕಿ ಅಂದ್ರೆ ಅಮ್ಮಂಗೆ ಇಷ್ಟ."

ನನ್ನ ಬೆಂಕಿಯಂತೆ. ಸೊಸೆ ಹಿತ್ತಿಲ ಶೆಡ್ಡಿಗೆ ಹೋದಳು. ಎಡಗಡೆ ಒಣಗಿ ಬಿರಿದ ಸೌದೆ. ಬಲಗಡೆ ಮೊನ್ನೆ ಮೊನ್ನೆ ಸೀಳಿ ಒಟ್ಟಿದ ಹಸಿ ಸೌದೆ, ಮುಂದಿನ ಚಳಿಗಾಲಕ್ಕೆ ಒಣಗಲೆಂದು ಇಟ್ಟದ್ದು. ಅವಳ ಕೈ ಎಡಕ್ಕೆ ಹೋಗಿ, ನಿಂತು, ಬಲಕ್ಕೆ ಹೊರಳಿತು. ಉರಿಯಲಿ ನೋಡೋಣ ಪುಟ್ಟಿಯ ಬೆಂಕಿ. ಕೈಗೆ ಸಿಕ್ಕ ಹಸಿ ಸೌದೆಯನ್ನು ತೋಳ ತುಂಬ ಪೇರಿಸಿಕೊಂಡು, ಗುಟ್ಟು ಕಾಣದಿರಲೆಂದು ಮೇಲೆರಡು ಒಣಗಿದ್ದನ್ನು ಇಟ್ಟಳು.

ಒಣಗಿದ್ದೆರಡು ಹೊತ್ತಿ ಮುಗಿದವು. ಆಮೇಲೆ ಹಸಿಯದರ ತುದಿಯಲ್ಲಿ ನೊರೆ ಬಂತು, ಸುಂಯ್ ಎಂದಿತು, ಹೊಗೆಯೆದ್ದಿತು. ನಾದಿನಿ ಊದಿದಳು. ಗಾಬರಿಯಲ್ಲಿ ಕೊಳವೆಯ ಹಿಡಿಯನ್ನು ಅಡ್ಡ ತಿರುಗಿಸಿಬಿಟ್ಟಳು. ಮೇಲೆ ದಾರಿ ಮುಚ್ಚಿದ ಹೊಗೆ ಒಲೆಯ ಬಾಗಿಲಿಂದ ಬುಸಬುಸನೆ ನಡುಮನೆಗೆ ನುಗ್ಗಿತು. ಹೊಸ್ತಿಲ ಬಳಿ ನಿಂತಿದ್ದ ಸೊಸೆಗೆ, ಸುಳ್ಳು ಯಾಕೆ ಹೇಳಬೇಕು, ಹಾಲು ಕುಡಿದಷ್ಟು ಸಂತೋಷವಾಯಿತು. ಕಣ್ಣು ಮೂಗು ಸುರಿಸಿಕೊಂಡು ಪರದಾಡುವ ನಾದಿನಿಯನ್ನು ಕಣ್ತುಂಬ ನೋಡಿದಳು.

ಅಷ್ಟರಲ್ಲಿ ಅತ್ತೆ ಕೆಮ್ಮಿದರು. ಮೊದಲು ಸಣ್ಣಗೆ, ಆಮೇಲೆ ಉಸಿರು ಸಿಗದೆ, ಕುರ್ಚಿಯ ಕೈ ಹಿಡಿದು ಬಗ್ಗಿ. ಸೊಸೆಯ ಸಂತೋಷ ಎಲ್ಲಿ ಹೋಯಿತೋ. ಓಡಿ ಕಿಟಕಿ ತೆರೆದಳು, ಹಿಡಿಯನ್ನು ನೆಟ್ಟಗೆ ಮಾಡಿದಳು, ಹೊಗೆಯಾಡುವ ಸೌದೆಗಳನ್ನು ಇಕ್ಕಳದಲ್ಲಿ ಎಳೆದು ನೀರಿನ ಬಕೆಟ್ಟಿಗೆ ಅದ್ದಿದಳು. ಅತ್ತೆಯ ಬೆನ್ನು ನೀವಿ ನೀರು ಕುಡಿಸಿದಳು.

ಉಸಿರು ಹತೋಟಿಗೆ ಬಂದ ಮೇಲೆ ಅತ್ತೆ ಕೈ ನೀಡಿದರು. "ಆ ಸೌದೆ ಒಂದು ಕೊಡಿ ಇಲ್ಲಿ."

ಒಲೆಗೆ ಹಾಕದೆ ಉಳಿದಿದ್ದ ಒಂದನ್ನು ನಾದಿನಿ ಕೊಟ್ಟಳು. ಅತ್ತೆ ಮೂಸಿದರು. ಅಂಗೈಯಲ್ಲಿ ತೂಗಿದರು. ಆಮೇಲೆ ಹೆಬ್ಬೆರಳನ್ನು ಅದರ ಉದ್ದಕ್ಕೂ ಓಡಿಸಿದರು, ಒಮ್ಮೆ, ಮತ್ತೊಮ್ಮೆ.

"ಹಸಿ" ಅಂದರು.

"ಅತ್ತಿಗೆಗೆ ಗೊತ್ತಾಗಿರಲ್ಲ ಬಿಡಮ್ಮ" ಅಂದಳು ನಾದಿನಿ.

"ಇವಳಿಗೆ ಗೊತ್ತಾಗಲ್ವಾ? ನಿದ್ದೆಗಣ್ಣಲ್ಲಿ ಕೊಟ್ರೂ ಹೇಳ್ತಾಳೆ." ಅತ್ತೆ ಸೊಸೆಯಿದ್ದ ಕಡೆ ಮುಖ ತಿರುಗಿಸಿದರು. "ಬೇಕೂಂತ್ಲೇ ತಂದ್ಯಾ?"

"ಹೂಂ."

"ಯಾಕೆ?"

ಸೊಸೆಗೆ ಇನ್ನು ತಡೆಯಲಾಗಲಿಲ್ಲ. "ಹೊಟ್ಟೆಕಿಚ್ಚು ಅತ್ತೆ, ಇನ್ನೇನು. ಅವಳು ಒಂದಿನ ಬಂದು ಹಚ್ಚಿದ್ರೆ ಮನೆಗೆ ಜೀವ ಬಂತು ಅಂತೀರ. ಇಷ್ಟು ವರ್ಷದಿಂದ ಹಚ್ತಾ ಇರೋಳು ನಾನು. ಒಂದೇ ಒಂದು ದಿನ, ಬೆಚ್ಚಗಿದೆ ಕಣೇ ಅಂದಿದೀರಾ? ಅವಳು ಕರೆದ ತಕ್ಷಣ ಬಟ್ಟೆ ಮಡಿಚು ಅಂದ್ರಿ."

"ಹೋಗಬೇಡಿ ಅಂದ್ಯಾ ನೀನು?"

"ಹೋಗಲ್ಲ ಅಂದ್ರಾ ನೀವು?"

ಅತ್ತೆ ಸೌದೆಯನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಲೇ ಇದ್ದರು. "ಇದು ಮುಂದಿನ ಚಳಿಗೆ ಒಣಗೋಕೆ ಹಾಕಿರೋದಲ್ವಾ? ಇಂಥದ್ದು ಎಷ್ಟಿದೆ?"

"ಇದೆ, ಒಂದು ಗೋಡೆ ತುಂಬ."

"ಎಲ್ಲಾ ಇಷ್ಟೇ ಸಣ್ಣಕ್ಕಾ? ಎಲ್ಲಾ ಹೀಗೇ ಹೆರೆದು?"

"ಮತ್ತೆ ನಿಮ್ಮ ಕೈಗೆ ಚುಚ್ಚಿದ್ರೆ?"

ಅತ್ತೆಯ ಹೆಬ್ಬೆರಳು ಸೌದೆಯ ಮೇಲೆ ನಿಂತಿತು. "ನಾನು ನಿಂಗೆ ಭಾರ ಆಗಿದೀನಿ ಅಂದ್ಕೊಂಡಿದ್ದೆ ಕಣೇ" ಅಂದರು. ಆಮೇಲೆ ಮಗಳ ಕಡೆ ತಿರುಗಿ, "ಪುಟ್ಟಿ, ನನ್ನ ಬ್ಯಾಗು ಒಳಗಿಡು. ಬೇಸಿಗೇಲಿ ಬಂದು ನಾಲ್ಕು ದಿನ ಇರ್ತೀನಿ. ಚಳಿಗೆ ನಾನು ಇಲ್ಲಿರಬೇಕು" ಅಂದರು.

ನಾದಿನಿಯ ಮುಖ ಸಣ್ಣಗಾಯಿತು. ಹೊಗೆಗೆ ಕೆಂಪಾದ ಕಣ್ಣಲ್ಲಿ ಅಮ್ಮನನ್ನೂ ಅಮ್ಮನ ಹೆಗಲ ಮೇಲಿದ್ದ ಅತ್ತಿಗೆಯ ಕೈಯನ್ನೂ ನೋಡಿದಳು. "ಇರ್ಲಿ ಬಿಡಿ, ನೀವು ನೀವೇ ಇರಿ. ನಾನ್ಯಾರು" ಅಂದಳು. ಆ ನೋಟ ಎಂಥದೆಂದು ಸೊಸೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾದಿನಿ ಬಂದಾಗಿನಿಂದ ತಾನು ಹೊತ್ತು ತಿರುಗಿದ್ದೂ ಅದನ್ನೇ. ಆದರೂ ಅಯ್ಯೋ ಪಾಪ ಅನ್ನಿಸಿದ್ದು ಮಾತ್ರ ನಾದಿನಿಯ ಬಸ್ಸು ಹೋದ ಮೇಲೆ.

ಬಸ್ ಸ್ಟಾಪಿನಿಂದ ಬಂದವಳು ಒಣಸೌದೆ ಜೋಡಿಸಿ ಒಲೆ ಹೊತ್ತಿಸಿದಳು. ಕೆಂಡ ಕೂತ ಮೇಲೆ ಕಿಂಡಿಯನ್ನು ಒಂದು ಬೆರಳಿಗೆ ಇಳಿಸಿದಳು.

"ಇವಳೇ, ಇನ್ನೊಂಚೂರು ತೆಗಿ. ಸದ್ದು ಕೇಳಲಿ."

"ಸೌದೆ ದಂಡ ಅತ್ತೆ."

"ಆಗ್ಲಿ. ಕಣ್ಣು ಕಾಣದೋಳ ಹತ್ರ ಸದ್ದೂ ಮಾಡದೆ ಇದ್ರೆ, ಇದೀಯಾ ಇಲ್ವಾ ಅಂತ ಹೇಗೆ ಗೊತ್ತಾಗಬೇಕು?"

ಸೊಸೆ ಇನ್ನೊಂದು ಬೆರಳು ತೆರೆದಳು. ಒಲೆ ಮೆಲ್ಲಗೆ ಗುರುಗುಟ್ಟಿತು. "ಹೀಗೆ ಉರಿಸಿದ್ರೆ ತಿಂಗಳ ಸೌದೆ ವಾರಕ್ಕೆ ಮುಗಿಯುತ್ತೆ. ಆಮೇಲೆ ಸೀಳೋಳು ನಾನೇ, ಹೆರೆಯೋಳೂ ನಾನೇ" ಎಂದು ಗೊಣಗುತ್ತ ಮಿಷನ್ ಮುಂದೆ ಕೂತಳು.

"ಹಾಗೇ ಬೈತಾ ಇರು" ಅಂದರು ಅತ್ತೆ, ಕೈಗಳನ್ನು ಒಲೆಯ ಕಡೆ ಚಾಚಿ. "ಬೆಚ್ಚಗಿದೆ ಕಣೇ."